ಅರ್ಧಕ್ಕೆ ನಿಂತ ಸಾಲು

ಶಿವಾಲ, ಕಾಶಿ
ಭಾನುವಾರ, ೨೮ ನವೆಂಬರ್ ೧೯೯೩

ನನ್ನವ್ವ ಭವಾನಿಗೆ, ನಿನ್ನ ಅಜ್ಜ ಗುರುಪಾದಯ್ಯ ತಲೆಯ ಮೇಲೆ ಕೈಯಿಟ್ಟು ಹರಸಿ ಬರೆಯುವುದು.

ಹೇಗಿದ್ದೀಯಾ ಮಗಳೇ? ಹಲ್ಲುನೋವು ಹೋಯಿತೇ? ಮದರಾಸಿನಲ್ಲಿ ಈ ತಿಂಗಳು ಮಳೆ ಜೋರು ಎಂದು ರೇಡಿಯೋ ವಾರ್ತೆಯಲ್ಲಿ ಕೇಳಿದೆ. ಒದ್ದೆ ತಲೆಯಲ್ಲಿ ಮಲಗಬೇಡ. ಚಿಕ್ಕಂದಿನಿಂದಲೂ ನಿನಗೆ ಶೀತವೆಂದರೆ ನೇರ ಎದೆಗೇ ಇಳಿಯುವುದು. ನಿನ್ನ ಅವ್ವ ಮಹೇಶ್ವರಿ ಇದ್ದಾಗ ಸಾಸಿವೆ ಎಣ್ಣೆಯಲ್ಲಿ ಅಜವಾನ ಹಾಕಿ ಕಾಯಿಸಿ ನಿನ್ನ ಬೆನ್ನಿಗೆ ತಿಕ್ಕುತ್ತಿದ್ದಳು, ನೀನು ಅವಳನ್ನು ಮನೆಯೆಲ್ಲ ಓಡಾಡಿಸುತ್ತಿದ್ದೆ. ನನ್ನ ಬಗ್ಗೆ ಚಿಂತೆ ಬೇಡ. ಮೊಣಕಾಲುಗಳು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತವೆ. ಕೇದಾರ ಘಾಟಿನಲ್ಲಿ ಕೆಳಗಿಳಿಯುವುದನ್ನು ಬಿಟ್ಟು ಮೇಲಿನಿಂದಲೇ ಗಂಗೆಗೆ ಕೈಮುಗಿದು ಬರುತ್ತೇನೆ, ಅವಳೂ ಏನೂ ಅನ್ನುವುದಿಲ್ಲ. ನಾಳೆ ಕಾರ್ತಿಕ ಹುಣ್ಣಿಮೆ. ಬಂಗಾಲಿ ಟೋಲಾದ ಲಾಡ್ಜುಗಳೆಲ್ಲ ತುಂಬಿ, ಮಠದ ಪಡಸಾಲೆಯಲ್ಲೂ ಬಳ್ಳಾರಿ, ಹಾವೇರಿ ಕಡೆಯ ಯಾತ್ರಿಕರು ಹಾಸಿಕೊಂಡಿದ್ದಾರೆ. ನಮ್ಮ ಓಣಿಗೆ ಮಲಯ್ಯೋ ಮಾರುವವನು ಬರತೊಡಗಿದ್ದಾನೆ. ಮಣ್ಣಿನ ಕುಡಿಕೆಯಲ್ಲಿ ಹಾಲಿನ ಹಳದಿ ನೊರೆ ತುಂಬಿ ಕೊಟ್ಟು, "ಬಿಟಿಯಾ ನಹೀ ಆಯೀ ಇಸ್ ಸಾಲ್?" ಎಂದು, ಮಗಳು ಈ ವರ್ಷ ಬರಲಿಲ್ಲವೇ ಎಂದು ನಿನ್ನನ್ನೇ ಕೇಳಿದ. ಕುಡಿಕೆ ಖಾಲಿ ಮಾಡಿ ಬಂದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ನಮ್ಮ ಆಟದ ಪಟ್ಟಣಕ್ಕೆ ಬರುವುದನ್ನು ನಿಲ್ಲಿಸಿದ ಮೇಲೆ ಮಳೆಗಾಲ ಮುಗಿದು ಚಳಿಯೂ ಬಂತು. ನಾನು ಹಾಕಿದ ಕಾರ್ಡುಗಳಿಗೆ ಉತ್ತರವಿಲ್ಲ. ನಿನ್ನ ಗೆಳೆಯ ಕೃಷ್ಣಮೂರ್ತಿಗೆ ಮಾತ್ರ ನೀನು ಒಂದು ಕಾರ್ಡು ಬರೆದೆ: ಇನ್ನು ಆಟಕ್ಕೆ ಬರುವುದಿಲ್ಲ, ನನ್ನ ವೈದ್ಯೆಯನ್ನು ಅಳಿಸಿಬಿಡು ಎಂದು. ಓದಿನ ಒತ್ತಡ ಇರಬೇಕು ಎಂದುಕೊಂಡೆವು. ಆಮೇಲೆ ಅವನು ಇಲ್ಲಿಯ ಲಂಕಾ ಬಡಾವಣೆಯ ಎಸ್‌ಟಿಡಿ ಬೂತಿನಿಂದ ನಿನ್ನ ಹಾಸ್ಟೆಲ್ಲಿಗೆ ಫೋನು ಮಾಡಿದರೆ, ಅವಳು ಫೋನಿಗೆ ಬರುವುದಿಲ್ಲವಂತೆ ಎಂದು ಯಾರೋ ಹೇಳಿ ಇಟ್ಟುಬಿಟ್ಟರು. ಆ ಮಾತು ಕೇಳಿ ನಾನು ಆ ದಿನ ಊಟಕ್ಕೆ ಕೂತವನು ಹಾಗೇ ಎದ್ದೆ. ನನ್ನ ಮೊಮ್ಮಗಳು ಸಿಟ್ಟು ಮಾಡಿಕೊಂಡರೆ ಎದುರಿಗೆ ನಿಂತು ಜಗಳ ಆಡುವವಳು, ಹೀಗೆ ಬಾಗಿಲು ಮುಚ್ಚಿ ಕೂರುವವಳಲ್ಲ. ಏನಾಯಿತು ಎಂಬುದು ಈಗ ನನಗೆ ಗೊತ್ತಾಗಿದೆ. ಅದನ್ನು ಬರೆಯಬೇಡ, ನಾನೇ ಸರಿಮಾಡುತ್ತೇನೆ ಎಂದು ನಿನ್ನ ಅಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದ. ಆ ಮಾತು ಮೀರಿ ಅವನಿಗೆ ಹೇಳದೆ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದು, ನಡುವೆ ಮಡಿಸಿಡಬೇಡ.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಬರೆಯುತ್ತೇನೆ, ಮುದುಕರ ಚಾಳಿ ಅಂದುಕೋ. ನೀನು ಇಲ್ಲಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಕೃಷ್ಣಮೂರ್ತಿಯೊಂದಿಗೆ ಸೇರಿ ಆ ಕಂಪ್ಯೂಟರ್ ಆಟ ಕಟ್ಟಿದೆ. ಚಿತ್ರವಿಲ್ಲ, ಸದ್ದಿಲ್ಲ, ಕಪ್ಪು ಪರದೆಯ ಮೇಲೆ ಬರೀ ಹಸಿರು ಅಕ್ಷರ. ಆದರೂ ಅದರೊಳಗೆ ಒಂದು ಪಟ್ಟಣ, ಸಂತೆ, ಕಾಡು, ಕಣಿವೆ. ಕಾನ್ಪುರದ ಹುಡುಗರು ಕಾನ್ಪುರದಲ್ಲೇ, ಖರಗಪುರದವರು ಖರಗಪುರದಲ್ಲೇ ಕೂತು ಟೆಲಿಫೋನ್ ತಂತಿಯ ಮೂಲಕ ಆ ಪಟ್ಟಣಕ್ಕೆ ಬಂದು ಒಬ್ಬ ಕಮ್ಮಾರ, ಒಬ್ಬ ಕಳ್ಳ, ಒಬ್ಬ ಮಂತ್ರವಾದಿ ಎಂದು ವೇಷ ಹಾಕಿ ತಿರುಗುತ್ತಿದ್ದರು. ನಿನ್ನ ಅವ್ವ ತೀರಿಕೊಂಡ ಮರುವರ್ಷ ಮಠದ ಹಿರಿಯರು ನಿನ್ನ ಅಪ್ಪನಿಗೆ ಬಸಲಿಂಗಮ್ಮನನ್ನು ತಂದು ಮದುವೆ ಮಾಡಿದರು. ನೀನು ಮದರಾಸಿಗೆ ಹೆಚ್ಚಿನ ಓದಿಗೆ ಹೊರಟೆ. ಹೊರಡುವಾಗ, "ಈ ಮನ್ಯಾಗ ಇನ್ನ ನಂದೇನೂ ಕೆಲಸಾ ಇಲ್ಲ" ಎಂದೆ. ನಿನ್ನ ಅಪ್ಪ ಚಂದ್ರಶೇಖರಯ್ಯ ಬಾಯಿ ಬಿಡಲಿಲ್ಲ. ಸ್ಟೇಷನ್ನಿಗೂ ಬರಲಿಲ್ಲ. ರಿಕ್ಷಾ ಹತ್ತಿ ನಾನೊಬ್ಬನೇ ನಿನ್ನ ಜೊತೆ ಬಂದೆ. ಆಮೇಲೆ ನೀನು ಮದರಾಸಿನ ಯಂತ್ರದಿಂದ, ನಾನು ಇಲ್ಲಿಯ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯ ಯಂತ್ರದಿಂದ ಆ ಪಟ್ಟಣದ ಹೆಬ್ಬಾಗಿಲಲ್ಲಿ ಶನಿವಾರ ಮಧ್ಯಾಹ್ನಗಳಲ್ಲಿ ಸೇರುವ ಹಂಚಿಕೆ ಹಾಕಿದವಳು ನೀನೇ. ನಮ್ಮ ಮನೆಗೆ ಬರುವ ಪತ್ರ ನಾಲ್ಕು ಜನರ ಕೈ ದಾಟಿ, ಎರಡು ಬಾರಿ ಗಟ್ಟಿಯಾಗಿ ಓದಿಸಿಕೊಂಡು ನನಗೆ ಸಿಗುವುದು. ಅಲ್ಲಿ ಮಾತ್ರ ನಾವಿಬ್ಬರೇ.

ನನ್ನನ್ನು ಪೈಲ್ವಾನನನ್ನಾಗಿ ಮಾಡಿದೆಯಲ್ಲ, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. ಎದ್ದು ನಿಲ್ಲಲು ಗೋಡೆ ಹಿಡಿಯುವ ಮುದುಕ ಆ ಕೋಣೆಯೊಳಗೆ ಹೋದೊಡನೆ ಹುಲಿಯ ಬಾಯಿಗೆ ಕೈ ಹಾಕುವವನು! ಹಾವು ಕಚ್ಚಿದರೆ ವೈದ್ಯೆಯ ವೇಷದ ನೀನು ಬೇರು ಅರೆದು ಕುಡಿಸುತ್ತಿದ್ದೆ. ಆದರೆ ನಿಮ್ಮ ಯಂತ್ರದ ಕಾಟ ಹುಲಿಗಿಂತ ಹೆಚ್ಚು. ಮೊದಲ ದಿನವೇ ಪರದೆ ಕಲ್ಲಾಗಿ ನಿಂತಾಗ ಕೃಷ್ಣಮೂರ್ತಿ, "ಅಜ್ಜಾ, ಹ್ಯಾಂಗ್ ಆತು" ಅಂದ. "ಹ್ಯಾಂಗ ಆತು ಅಂತ ನೀನೇ ಹೇಳಬೇಕಲೋ, ನನಗೇನು ಗೊತ್ತು" ಅಂದೆ. ಆ ಕೋಣೆಯ ಹುಡುಗರಿಗೆ ಕನ್ನಡ ಬಾರದು, ಆದರೂ ಅವನು ಬಿದ್ದು ಬಿದ್ದು ನಗುವುದನ್ನು ಕಂಡು ಅವರೂ ನಕ್ಕರು. ಹ್ಯಾಂಗ್ ಎಂದರೆ ಯಂತ್ರ ಉಸಿರು ಕಟ್ಟಿ ನಿಲ್ಲುವುದು, ಕ್ರ್ಯಾಶ್ ಎಂದರೆ ಪೂರಾ ಬಿದ್ದೇ ಹೋಗುವುದು, ಬಗ್ ಎಂದರೆ ಒಳಗೆ ಎಲ್ಲೋ ಅಡಗಿದ ತಪ್ಪು, ಎಂದು ಆಮೇಲೆ ತಿಳಿಸಿಕೊಟ್ಟ. ಆಡುಗಳ ಬಗ್ ನೆನಪಿದೆಯೇ? ಸಂತೆಯಲ್ಲಿ ಆಡು ಮಾರಿದ ಮೇಲೆ ಯಂತ್ರ ಬಿದ್ದರೆ, ಎದ್ದಾಗ ಕೊಂಡವನ ಹತ್ತಿರವೂ ಆಡು, ಮಾರಿದವನ ಹತ್ತಿರವೂ ಆಡು. ಹೀಗೆ ಹುಟ್ಟಿದ ಆಡುಗಳು ಸಂತೆಪೇಟೆ ತುಂಬಿ, ಅವುಗಳ ಭಾರಕ್ಕೇ ಯಂತ್ರ ಮತ್ತೆ ಬೀಳುತ್ತಿತ್ತು. ಬಿದ್ದು ಎದ್ದಾಗಲೆಲ್ಲ ನಾವು ಎಲ್ಲಿದ್ದರೂ ಕುಂಬಾರನ ಆವಿಗೆಯೊಳಗೇ ಕಣ್ಣು ಬಿಡಬೇಕು. ನೀನು ಅಲ್ಲಿಂದ ಹೆಬ್ಬಾಗಿಲಿಗೆ ಓಡಿ ಬಂದು, "ಅಜ್ಜಾ, ಇದ್ದೀಯಾ?" ಎಂದು ಕೇಳುವುದು, ನಾನು "ಇದ್ದೀನವ್ವಾ" ಎನ್ನುವುದು. ಕಾಡಿಗೆ ಹೋಗುವ ಮುಂಚೆ ಕಲ್ಲುಬೆಂಚಿನ ಮೇಲೆ ಕೂತು ಗಳಿಸಿದ್ದನ್ನೆಲ್ಲ ಉಳಿಸಿಕೊಳ್ಳಬೇಕು, ಮಾತನ್ನು ತುಂಡು ತುಂಡಾಗಿ ಕಳಿಸಬೇಕು, ತಂತಿ ಹೋದರೆ ಅಲ್ಲೇ ಕಾಯಬೇಕು ಎಂದು ನೀವೆಲ್ಲ ಕಾರಣ ತಿಳಿಯದೆಯೇ ಒಂದೊಂದೇ ಉಪಾಯ ಕಂಡುಕೊಂಡಿದ್ದಿರಿ. ಮಾತು ತುಂಡು ಮಾಡುವ ಕೆಲಸ ನನ್ನ ಪರವಾಗಿ ಕೃಷ್ಣಮೂರ್ತಿ ಮಾಡುತ್ತಿದ್ದ. ನಾನು ಹೇಳುವುದು, ಅವನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವುದು. ಹೀಗಾಗಿ ಅದು ಯಾಕೆ ಬೇಕೆಂಬುದು ನನಗೆ ತಿಳಿಯಲೇ ಇಲ್ಲ.

ಸೆಪ್ಟೆಂಬರಿನ ಆ ಶನಿವಾರ ಕೋಣೆಯಲ್ಲಿ ವೋಲ್ಟೇಜ್ ಏರಿಳಿಯುತ್ತಿತ್ತು. ಕೃಷ್ಣಮೂರ್ತಿ ಮಿಸ್ತ್ರಿಯನ್ನು ಕರೆಯಲು ಹೊರಗೆ ಹೋದ. ಅಷ್ಟು ಹೊತ್ತಿಗೆ ನನಗೂ ಅಕ್ಷರ ಹುಡುಕಿ ಒತ್ತುವುದು ರೂಢಿಯಾಗಿತ್ತು. ನೀನು ಬಂದೆ. ಅದೂ ಇದೂ ಮಾತಾಡಿ, "ಅಜ್ಜಾ, ಒಂದು ಕೇಳಲಾ? ಯಾರಿಗೂ ಹೇಳಬೇಡ" ಎಂದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ತಂತಿ ಹೋಯಿತೇನೋ ಎಂದುಕೊಂಡೆ. ಕೊನೆಗೆ ಬಂತು: "ದೀಪಾವಳಿಗೆ ಮನೆಗೆ ಬರಬೇಕು ಅಂತ ಮನಸ್ಸಾಗ್ಯದ. ಅಪ್ಪ ಬೇಡ ಅಂದಾನೇನು?" ಮಗಳೇ, ಆ ಸಾಲು ಓದಿ ನನ್ನ ಕನ್ನಡಕ ಮಂಜಾಯಿತು. ಇಂಥ ಮಾತಿಗೆ ಉತ್ತರವನ್ನು ಇನ್ನೊಬ್ಬರ ಬೆರಳಿನಿಂದ ಬರೆಸಬಾರದು ಎಂದು ನಾನೇ ಒತ್ತತೊಡಗಿದೆ. ಒಂದೊಂದೇ ಅಕ್ಷರ ಹುಡುಕುತ್ತ, ನಡುವೆ ಎಲ್ಲೂ ನಿಲ್ಲಿಸದೆ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಬರೆದು ಕೊನೆಯಲ್ಲಿ ಕಳಿಸುವ ಗುಂಡಿ ಒತ್ತಿದೆ. ಒತ್ತಿದ್ದೇ ತಡ, ಪರದೆ ಕಪ್ಪಾಯಿತು. ಹೊರಗಿನಿಂದ ಬಂದ ಕೃಷ್ಣಮೂರ್ತಿ ವೋಲ್ಟೇಜಿಗೇ ಬಿತ್ತು ಅಂದ. ಸಂಜೆಯವರೆಗೂ ಏಳಲಿಲ್ಲ. ನನಗೆ ಬೇಸರವಾಗಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಗಿತ್ತು, ನೀನು ಬರುತ್ತೀಯೆಂದು ನಂಬಿ ಶಾಲು ಹೊದ್ದು ಮನೆಗೆ ಬಂದೆ. ನಿನ್ನ ಚಿಗವ್ವ ಬಸಲಿಂಗಮ್ಮನಿಗೆ ಮಾತ್ರ, "ಹಬ್ಬಕ್ಕ ಹುಡುಗಿ ಬರೂದೈತಿ, ಕರ್ಚಿಕಾಯಿಗೆ ಒಣಕೊಬ್ಬರಿ ತರಸು" ಎಂದು ಕಿವಿಯಲ್ಲಿ ಹೇಳಿಟ್ಟೆ.

ಮುಂದಿನ ಶನಿವಾರ ನೀನಿಲ್ಲ. ಅದರ ಮುಂದಿನದೂ ಇಲ್ಲ. ಹೆಬ್ಬಾಗಿಲಲ್ಲಿ ಪೈಲ್ವಾನ ಒಬ್ಬನೇ ನಿಂತಿರುತ್ತಿದ್ದ. ಕಾನ್ಪುರದ ಕಳ್ಳನೊಬ್ಬ ಪ್ರತಿ ಸಲ ಬಂದು ನನ್ನ ಗದೆ ಕದ್ದು ಹೋಗುತ್ತಿದ್ದ, ಕದಿಯಲಿ ಎಂದು ಸುಮ್ಮನಿದ್ದೆ. ಆಶ್ವೀಜ ಮುಗಿಯುತ್ತ ಬಂದಾಗ ಒಂದು ದಿನ ನಾನು ಒಂದು ಕಡೆ, ಕೃಷ್ಣಮೂರ್ತಿ ಪಕ್ಕದ ಪರದೆಯಲ್ಲಿ ಕೂತಿದ್ದೆವು. ಅವನೂ ವೇಷ ಹಾಕಿ ಹೆಬ್ಬಾಗಿಲಿಗೆ ಬಂದಿದ್ದ. ಹೊತ್ತು ಹೋಗದೆ ನಾನು ಅವನಿಗೇ ಓಣಿಯ ಸುದ್ದಿ ಬರೆದೆ. ಹಾಲಿನ ಯಾದವಜೀ ಮಾರುಕಟ್ಟೆಯಲ್ಲಿ ಕುಸಿದು ಬಿದ್ದು ತೀರಿಕೊಂಡರು ಎಂದು ಯಾರೋ ಸುದ್ದಿ ಹಬ್ಬಿಸಿ, ಜನವೆಲ್ಲ ಅಳುತ್ತ ಹೋದರೆ ಅವರು ಕೂತು ಕಚೋರಿ ತಿನ್ನುತ್ತಿದ್ದರು ಎಂದು ನಗೆಯ ಕತೆ. ಉದ್ದವಾಗಿ ಒಂದೇ ಸಾಲಿನಲ್ಲಿ ಬರೆದು ಕಳಿಸಿದೆ. ಪರದೆ ಕಪ್ಪಾಯಿತು. ಪಕ್ಕದಲ್ಲಿ ಕೃಷ್ಣಮೂರ್ತಿ ಎದ್ದೇ ನಿಂತ. "ಅಯ್ಯೋ ಅಜ್ಜಾ! ಯಾದವಜೀ ಹೋಗಿಬಿಟ್ರಾ? ಮುಂಜಾನೆ ಹಾಲು ಹಾಕಿ ಹೋಗ್ಯಾರಲ್ಲ!"

"ಹೋಗಿಲ್ಲೋ, ಕಚೋರಿ ತಿನ್ನಕತ್ತಾರ. ಪೂರ್ತಿ ಓದು."

"ಪೂರ್ತಿ ಎಲ್ಲದ? ತೀರಿಕೊಂಡರು ಅಂತ ಬಂದದ, ಅಷ್ಟೇ. ಆಮ್ಯಾಲೆ ಬಿತ್ತು."

ಅವನು ಕೂತು ಮತ್ತೆ ಯಂತ್ರ ಎಬ್ಬಿಸಿದ. ಮತ್ತೊಂದು ಉದ್ದ ಸಾಲು ಬರೆಸಿದ. ಮತ್ತೆ ಅರ್ಧ ಬಂತು, ಮತ್ತೆ ಬಿತ್ತು. ಆಗ ಅವನ ಮುಖ ನೋಡಬೇಕಿತ್ತು. ತಿಂಗಳುಗಟ್ಟಲೆ ಕಾಡಿದ ಕಾಯಿಲೆಯ ಬೇರು ಸಿಕ್ಕಿತು ಎಂದು ಕುಣಿಯುವಂತಿದ್ದ. "ವೋಲ್ಟೇಜ್ ಅಲ್ಲ ಅಜ್ಜಾ, ಲೈನ್ ಉದ್ದ ಆದ್ರ ಬೀಳತದ! ಮಾತು ಇಡಲಿಕ್ಕೆ ಇಷ್ಟೇ ಜಾಗ ಇಟ್ಟೀವಿ, ಹೆಚ್ಚಾದದ್ದು ಚೆಲ್ಲಿ ಎಲ್ಲಾ ಹಾಳು ಮಾಡ್ತದ. ಭವಾನಿಗೆ ಹೇಳಬೇಕು ಇದನ್ನ." ನಿನ್ನ ಹೆಸರು ಅವನ ಬಾಯಿಂದ ಬಂದ ಕ್ಷಣ ನನಗೆ ಸೆಪ್ಟೆಂಬರಿನ ಆ ಶನಿವಾರ ನೆನಪಾಯಿತು. ಆ ದಿನ ನಾನು ಬರೆದದ್ದೂ ಒಂದೇ ಸಾಲು. ಅದಕ್ಕೂ ಯಂತ್ರ ಬಿದ್ದಿತ್ತು. ಕೃಷ್ಣಮೂರ್ತಿಗೆ ಆ ಸಾಲನ್ನು ಬಾಯಲ್ಲಿ ಹೇಳಿದೆ. ಅವನು ಕಾಗದದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಬೆರಳಿಟ್ಟು ಎಣಿಸುತ್ತ ಹೋಗಿ, ಒಂದು ಕಡೆ ಗೀಟು ಎಳೆದ. ಎಳೆದು, ನನ್ನ ಕಡೆ ನೋಡದೆ ಕಾಗದ ಸರಿಸಿದ. ಗೀಟಿನ ಈಚೆಗೆ ಇದ್ದದ್ದು ಇಷ್ಟು: "ಕೇಳು ಮಗಳೇ, ದೀಪಾವಳಿಗೆ ನೀನು ಮನೆಗೆ ಬರುವುದು ಬೇಡ ಎಂದು ನಿನ್ನ ಅಪ್ಪ".

ನಿನಗೆ ತಲುಪಿದ್ದು ಇಷ್ಟೇ ಅಲ್ಲವೇ ನನ್ನವ್ವಾ? ಆಮೇಲೆ ಕತ್ತಲೆ. ಅಷ್ಟು ದೂರದಲ್ಲಿ, ಅಷ್ಟೊಂದು ಹೊತ್ತು ಧೈರ್ಯ ಕೂಡಿಸಿಕೊಂಡು ಕೇಳಿದ ಮಾತಿಗೆ ಆ ಉತ್ತರ ಓದಿ ನೀನು ಹೇಗೆ ಎದ್ದು ಹೋದೆಯೋ, ಯಾರ ಹತ್ತಿರ ಹೇಳಿಕೊಂಡೆಯೋ ಎಂದು ಈಗಲೂ ನೆನೆಸಿಕೊಳ್ಳುತ್ತೇನೆ. ನಮ್ಮ ಕನ್ನಡದಲ್ಲಿ ಹೌದು, ಅಲ್ಲ ಎಂಬುದೆಲ್ಲ ಸಾಲಿನ ಕೊನೆಯಲ್ಲಿ ಕೂತಿರುತ್ತದೆ. ಅಲ್ಲಿಗೆ ಹೋಗುವಷ್ಟರಲ್ಲಿ ಆ ಯಂತ್ರ ಬಾಯಿ ಮುಚ್ಚಿಬಿಟ್ಟಿತು. ನಾನು ಬರೆದದ್ದು ಪೂರ್ತಿ ಇದು, ನನ್ನ ಕೈಯಾರೆ, ಮಸಿಯಲ್ಲಿ ಬರೆಯುತ್ತೇನೆ: ಕೇಳು ಮಗಳೇ, ದೀಪಾವಳಿಗೆ ನೀನು ಮನೆಗೆ ಬರುವುದು ಬೇಡ ಎಂದು ನಿನ್ನ ಅಪ್ಪ ಕನಸಿನಲ್ಲೂ ಅಂದವನಲ್ಲ, ನೀನು ಹೋದಾಗಿನಿಂದ ನಿನ್ನ ದಾರಿಯನ್ನೇ ನೋಡುತ್ತಿದ್ದಾನೆ, ತಡಮಾಡದೆ ಬಾ.

ಸುಳ್ಳು ಸಮಾಧಾನ ಹೇಳುತ್ತಿದ್ದಾನೆ ಅಜ್ಜ ಎಂದುಕೊಳ್ಳಬೇಡ. ಮದರಾಸಿನ ಗಾಡಿ ಬರುವ ದಿನ ಯಾತ್ರಿಕರನ್ನು ಕರೆತರುವುದು ಮಠದ ಕೊಟ್ಟೂರಯ್ಯನ ಕೆಲಸ. ನೀನು ಹೋದ ಮೇಲೆ ನಿನ್ನ ಅಪ್ಪ ಅದನ್ನು ತಾನೇ ಕೇಳಿ ವಹಿಸಿಕೊಂಡ. ಪಾಠಶಾಲೆಯ ಹುಡುಗರಿಗೆ ಪಾಠ ಹೇಳಿ ಮುಗಿಸಿ ಸ್ಟೇಷನ್ನಿಗೆ ಓಡುತ್ತಾನೆ, ಯಾರದೋ ಗಂಟು ಹೊತ್ತು, ಯಾರದೋ ಮಕ್ಕಳ ಕೈ ಹಿಡಿದು ಬರುತ್ತಾನೆ, ಬಂದವನು ಕಾಲು ತೊಳೆಯುವಾಗ ಯಾರ ಮುಖವನ್ನೂ ನೋಡುವುದಿಲ್ಲ. ನಿನ್ನ ಅವ್ವನ ಕೋಣೆಯನ್ನು ಬಸಲಿಂಗಮ್ಮ ತನ್ನದು ಮಾಡಿಕೊಂಡಿದ್ದಾಳೆ ಎಂದು ನಿನ್ನ ಮನಸ್ಸಿನಲ್ಲಿದೆ. ಇಲ್ಲ. ಅಲ್ಲಿ ನಿನ್ನ ಪುಸ್ತಕಗಳೇ ಇವೆ. ಅವಳೇನು ದೇವತೆಯಲ್ಲ; ಬಾಯಿ ಜೋರು, ಸಾರಿಗೆ ಖಾರ ಸುರಿಯುತ್ತಾಳೆ, ಕಾಶಿಗೆ ಬಂದು ಇಷ್ಟು ದಿನವಾದರೂ ಬಂಗಾಲಿ ಟೋಲಾದಲ್ಲಿ ದಾರಿ ತಪ್ಪಿ ಅಂಗಡಿಯವನ ಮೇಲೆ ಕೊಟ್ಟೂರಿನ ಕನ್ನಡದಲ್ಲೇ ಜಗಳ ತೆಗೆಯುತ್ತಾಳೆ. ಆದರೆ ನಿನ್ನ ಅಪ್ಪನನ್ನು ಅಡಿಗೆಮನೆಯಲ್ಲಿ ನಿಲ್ಲಿಸಿ, "ಊರ ಹುಡುಗರಿಗೆಲ್ಲಾ ಸಂಸ್ಕೃತ ಕ‌ಲಿಸ್ತೀರಿ, ಹೆತ್ತ ಮಗಳಿಗೆ ಎರಡಕ್ಷರ ಬರೀಲಿಕ್ಕೆ ಬರಂಗಿಲ್ಲೇನು ನಿಮಗ?" ಎಂದು ಕೇಳಿದವಳು ಅವಳೊಬ್ಬಳೇ. ನಾನಂತೂ ಕೇಳಿರಲಿಲ್ಲ.

ಕೃಷ್ಣಮೂರ್ತಿ ಗೀಟು ಎಳೆದ ಆ ಸಂಜೆ ಮನೆಗೆ ಬಂದು ನಿನ್ನ ಅಪ್ಪನಿಗೆ ಎಲ್ಲ ಹೇಳಿದೆ. ಪೂಜೆಗೆ ಬಿಲ್ವಪತ್ರೆ ಆರಿಸುತ್ತ ಕೂತಿದ್ದ. ಕೈ ನಿಂತಿತು. "ನಾ ಹಂಗ ಅಂದೇ ಇಲ್ಲಲ್ಲಪ್ಪಾ" ಅಂದ. ಅಂದಿಲ್ಲ ಎಂದು ನಾನೂ ಅಂದೆ. ಮತ್ತೆ ಪತ್ರೆ ಆರಿಸತೊಡಗಿದ. ಹುಳ ತಿಂದದ್ದನ್ನೂ ಒಳ್ಳೆಯದನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದ. ತನಗೆ ತಾನೇ ಎಂಬಂತೆ, "ನಾನು ಏನಾದರೂ ಅಂತಿದ್ದವನಾಗಿದ್ದರ ಆಕಿ ಅರ್ಧಾ ಮಾತು ನಂಬತಿರಲಿಲ್ಲ" ಅಂದ. ಇಂದೇ ಪತ್ರ ಬರೆಯೋಣ ಎಂದೆ. ಬೇಡ ಅಂದ. "ಮಾತು ಎಲ್ಲಿ ಅರ್ಧಕ್ಕ ಬಿದ್ದೈತೋ ಅಲ್ಲೇ ಹೋಗಿ ಪೂರ್ತಿ ಮಾಡತೀನಿ. ಆ ಕೋಣಿಗೆ ನನ್ನನ್ನೂ ಬಿಡತಾರೇನು ಕೇಳ್ರಿ."

ಹೀಗೆ ನಿನ್ನ ಅಪ್ಪ ಕಂಪ್ಯೂಟರ್ ಕೋಣೆಗೆ ಬಂದ. ಧೂಳು ಬೀಳಬಾರದೆಂದು ಚಪ್ಪಲಿ ಹೊರಗೆ ಬಿಡಿಸುತ್ತಾರಲ್ಲ, ಇವನು ನಲ್ಲಿ ಹುಡುಕಿ ಕಾಲನ್ನೂ ತೊಳೆದುಕೊಂಡು ಬಂದ. ಕೃಷ್ಣಮೂರ್ತಿ, "ಕಾಕಾ, ಒಳಗ ಹೋಗಬೇಕಂದ್ರ ಏನಾದರೂ ಆಗಬೇಕು. ಯೋಧ, ಕಮ್ಮಾರ, ಮಂತ್ರವಾದಿ, ಏನಾಗತೀರಿ?" ಎಂದ. ನಿನ್ನ ಅಪ್ಪ ಬಹಳ ಯೋಚಿಸಿ, "ಕಾಯವರು ಯಾರೂ ಇಲ್ಲೇನು ಅದರಾಗ?" ಎಂದು ಕೇಳಿದ. ಕೃಷ್ಣಮೂರ್ತಿ ಬಾಗಿಲು ಕಾಯುವವನು ಎಂದುಕೊಂಡು ಹಾಗೇ ಮಾಡಿಬಿಟ್ಟ. ಇವನು ಕೇಳಿದ್ದು ಯಾವ ಕಾಯುವುದು ಎಂದು ನನಗೆ ತಿಳಿಯಿತು. ಹೆಸರು ಕೇಳಿದಾಗ ತನ್ನ ಹೆಸರು ಹೇಳಲಿಲ್ಲ. ಭವಾನಿಯ ಅಪ್ಪ ಎಂದೇ ಬರೆಸಿದ.

ಅಂದಿನಿಂದ ಹೆಬ್ಬಾಗಿಲಲ್ಲಿ ನಿಂತುಬಿಟ್ಟ. ಬರುವವರನ್ನೆಲ್ಲ ಕೇಳುವುದು ಒಂದೇ: ಭವಾನಿ ಬಂದಿದ್ದಳೇ? ಖರಗಪುರದ ಮಂತ್ರವಾದಿ ಯುದ್ಧಕ್ಕೆ ಕರೆದರೆ ಅವನನ್ನೂ ಅದನ್ನೇ ಕೇಳಿದ. ಆ ಹುಡುಗ ಮಂತ್ರ ಬಿಟ್ಟು, ಇಲ್ಲ ಅಂಕಲ್, ಆ ವೈದ್ಯೆಯನ್ನು ನೋಡಿ ಬಹಳ ದಿನವಾಯಿತು ಎಂದು ಉತ್ತರ ಕೊಟ್ಟ. ಆಡಿದ ಮಾತು ಎದುರಿಗಿದ್ದವರಿಗೆ ಮಾತ್ರ ಕಾಣುತ್ತದೆ, ಹೆಬ್ಬಾಗಿಲ ಹಲಗೆಯ ಮೇಲೆ ಬರೆದರೆ ಮುಂದೆ ಯಾವಾಗ ಬಂದವರಿಗೂ ಕಾಣುತ್ತದೆ ಎಂದು ಕೃಷ್ಣಮೂರ್ತಿ ತೋರಿಸಿಕೊಟ್ಟ. ಅದರ ಮೇಲೆ ನಿನ್ನ ಅಪ್ಪ ಬರೆದ: "ಭವಾನಿ, ಬಾ. ಅಪ್ಪ." ಅಷ್ಟೇ. ಆದರೆ ಯಂತ್ರ ಬಿದ್ದರೆ ಹಲಗೆ ಒರೆಸಿ ಹೋಗುತ್ತದೆ. ಬಿದ್ದೇ ಬೀಳುತ್ತಿತ್ತು, ತಂತಿಗೆ ಒಮ್ಮೆ, ಆಡುಗಳಿಗೆ ಒಮ್ಮೆ. ಎದ್ದಾಗ ಇವನು ಕುಂಬಾರನ ಆವಿಗೆಯಿಂದ ಹೊರಟು, ಎಡಕ್ಕೆ ಬಲಕ್ಕೆ ಎಂದು ತಡವರಿಸುತ್ತ ಹೆಬ್ಬಾಗಿಲಿಗೆ ಹೋಗಿ ಮತ್ತೆ ಅದನ್ನೇ ಬರೆಯುವುದು. ಯಾವ ಬಗ್ಗಿನಿಂದಲೋ ಒಂದು ಹಿಂಡು ಆಡು ಅವನ ಹೆಸರಿಗೇ ಬಿದ್ದು ಬೆನ್ನು ಹತ್ತಿದ್ದವು. "ಅಪ್ಪಾ, ಇವು ಯಾರ ಆಡು? ಮಾಲಕರು ಹುಡುಕತಿರಬೇಕು" ಎಂದು ನನ್ನನ್ನು ಕೇಳುತ್ತಾನೆ! ಶನಿವಾರ ಸಾಲದೆ ವಾರದ ನಡುವೆಯೂ ಸೈಕಲ್ ತುಳಿದು ಹೋಗಿ ಹಲಗೆ ಇದೆಯೋ ಇಲ್ಲವೋ ನೋಡಿ ಬರುತ್ತಿದ್ದ. ದೀಪಾವಳಿಯ ದಿನ ಮಠದ ಪೂಜೆ ಮುಗಿಸಿ, ಮನೆಯಲ್ಲಿ ಎಲೆ ಹಾಕಿದ್ದರೂ ಕೂರದೆ, ಮೊದಲು ಅಲ್ಲಿಗೆ ಹೋದ. ಕೋಣೆಗೆ ಬೀಗ ಹಾಕಿತ್ತು. ಬೀಗ ನೋಡಿ ಬಂದು ಉಣ್ಣಲು ಕೂತ. ಬಸಲಿಂಗಮ್ಮ ಕರ್ಚಿಕಾಯಿ ಬಡಿಸಿದಳು.

ಕೃಷ್ಣಮೂರ್ತಿ ಛಲ ಹಿಡಿದು ಕೂತು ಉದ್ದ ಸಾಲಿನ ತಪ್ಪು ತಿದ್ದಿದ. ಆಡುಗಳ ತಪ್ಪೂ ಸಿಕ್ಕಿತು. ನಿನ್ನೆ ಶನಿವಾರ ಮಧ್ಯಾಹ್ನ ಪೂರ್ತಿ ಯಂತ್ರ ಒಮ್ಮೆಯೂ ಬೀಳಲಿಲ್ಲ. ಸಂತೆಪೇಟೆ ಚೊಕ್ಕಟವಾಗಿತ್ತು, ಹುಡುಗರೆಲ್ಲ ಕಾಡಿಗೆ ಹೋಗಿ ಹುಲಿ ಹೊಡೆದು ಬಂದರು, ಎಷ್ಟು ಉದ್ದ ಬರೆದರೂ ಕೊನೆಯ ಅಕ್ಷರದವರೆಗೂ ಬಂತು. ನಿನ್ನ ಅಪ್ಪನ ಹಲಗೆಯೂ ಹಾಗೇ ಉಳಿಯಿತು. ಎಲ್ಲರೂ ಕೃಷ್ಣಮೂರ್ತಿಯ ಬೆನ್ನು ತಟ್ಟಿದರು. ನಿನ್ನ ಅಪ್ಪ ಮಾತ್ರ ಕತ್ತಲಾಗುವವರೆಗೂ ಪರದೆ ನೋಡುತ್ತ ಕೂತಿದ್ದ. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಬಿದ್ದರೆ ಮತ್ತೆ ಬರೆಯುವ ಕೆಲಸವಾದರೂ ಇತ್ತು. ಹಿಂದಿರುಗುವಾಗ ಅಸ್ಸಿ ಘಾಟಿನ ಚಹದಂಗಡಿಯಲ್ಲಿ ಕೂತೆವು. ಚಹದ ಮಣ್ಣಿನ ಕುಲ್ಹಡ್ ಕೈಯಲ್ಲಿ ಹಿಡಿದು ಹೊಳೆಯ ಆಚೆ ದಡ ನೋಡುತ್ತ, "ಆಕಿ ಬರೂದಿಲ್ಲೇನಪ್ಪಾ?" ಎಂದು ಕೇಳಿದ. ಚಿಕ್ಕವನಿದ್ದಾಗ ಊರಿಗೆ ಹೋದ ತನ್ನ ತಾಯಿಯ ಬಗ್ಗೆ ಹೀಗೇ ಕೇಳುತ್ತಿದ್ದ. ಆ ಕ್ಷಣವೇ ನಾನು ಮಾತು ಮುರಿಯುವುದೆಂದು ನಿಶ್ಚಯಿಸಿದೆ.

ನಿನ್ನನ್ನು ಕರೆಯಲು ನನಗೇನು ಹಕ್ಕು ಎಂದು ಕೇಳಬೇಡ. ನಿನ್ನ ಅವ್ವನ ಜಾಗ ಯಾರಿಗೂ ಬಂದಿಲ್ಲ, ಬರುವುದೂ ಇಲ್ಲ. ಆ ದುಃಖ ಇಟ್ಟುಕೊಂಡೇ ಬಾ. ಸಿಟ್ಟಿದ್ದರೆ ಅದನ್ನೂ ತಂದು ಅಂಗಳದಲ್ಲಿ ನಿಂತು ಜೋರಾಗಿ ಆಡು, ಓಣಿಯವರು ಕೇಳಿಸಿಕೊಳ್ಳಲಿ. ಈ ಮನೆ ನಿನ್ನ ದನಿ ಕೇಳದೆ ಬಹಳ ದಿನವಾಯಿತು. ಮೌನವೊಂದನ್ನು ಮಾತ್ರ ಬಿಟ್ಟು ಬಾ, ಅದು ಇಲ್ಲಿ ಸಾಕಷ್ಟಿದೆ. ಓದು ಕೆಡಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಚಿಗವ್ವ ನೆನಪು ಹೇಳಿದ್ದಾಳೆ. ಕೃಷ್ಣಮೂರ್ತಿ ನಿನ್ನ ವೈದ್ಯೆಯನ್ನು ಅಳಿಸಿಲ್ಲವೆಂದು ತಿಳಿಸಲು ಹೇಳಿದ. ವಿಶ್ವನಾಥ ನಿನ್ನನ್ನು ಕಣ್ಣರೆಪ್ಪೆಯಲ್ಲಿಟ್ಟು ಕಾಯಲಿ.

ನಿನ್ನ ದಾರಿ ನೋಡುವ ಅಜ್ಜ,
ಗುರುಪಾದಯ್ಯ

ಮಂಗಳವಾರ ಬೆಳಿಗ್ಗೆ, ಅವಸರದಲ್ಲಿ: ನಿನ್ನೆ ಅಂಚೆಗೆ ರಜೆ, ಪತ್ರ ನನ್ನ ಹತ್ತಿರವೇ ಉಳಿದಿತ್ತು. ಬರೆದದ್ದು ಬಸಲಿಂಗಮ್ಮನಿಗೆ ಗೊತ್ತಿತ್ತು, ಅವಳ ಬಾಯಲ್ಲಿ ನಿಲ್ಲಲಿಲ್ಲ. ಈಗ ನಿನ್ನ ಅಪ್ಪ ಕೈಚೀಲ ಹಿಡಿದು ನನ್ನ ಮುಂದೆ ನಿಂತು ಇದನ್ನು ಕೇಳುತ್ತಿದ್ದಾನೆ. ಅಂಚೆಗೆ ಬೇಡವಂತೆ, ತಾನೇ ತರುತ್ತಾನಂತೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಗಂಡಸರನ್ನು ಬಿಡುವುದಿಲ್ಲವೆಂದು ಕೃಷ್ಣಮೂರ್ತಿ ಹೇಳಿದ್ದಾನೆ; ವಾಚ್‌ಮನ್ ಕೈಯಲ್ಲಿ ಪತ್ರ ಒಳಗೆ ಕಳಿಸಿ ಹೊರಗೆ ನಿಲ್ಲುತ್ತಾನಂತೆ. ಹೋಗಿ ಏನು ಮಾತಾಡುತ್ತೀಯೋ ಎಂದೆ. "ಗೊತ್ತಿಲ್ಲ. ಆಕಿ ಮುಖಾ ನೋಡಿದ ಮ್ಯಾಲೆ ಏನು ಬರತೈತೋ ಅದು" ಅಂದ. ಭವಾನಿ, ನೀನು ಈ ಸಾಲು ಓದುತ್ತಿರುವ ಹೊತ್ತಿಗೆ ನಿನ್ನ ಅಪ್ಪ ಗೇಟಿನ ಆಚೆ ನಿಂತಿದ್ದಾನೆ. ತಮಿಳು ಬಾರದು, ದಾರಿಯಲ್ಲಿ ಯಾರ ಹತ್ತಿರವೂ ನೀರು ಕೇಳಿ ಕುಡಿದಿರುವುದಿಲ್ಲ. ಚಪ್ಪಲಿ ಹುಡುಕುತ್ತ ಕೂರಬೇಡ. ಇಳಿದು ಹೋಗು.